ಕಾಜಾ ಅತ್ತೆಯ ಹಾಸ್ಟೆಲ್ಲು

ಮನುಷ್ಯರು ಇದ್ದಷ್ಟು ಕಾಲ ಯಾರಿಗೂ ಬೇಡವಾಗಿದ್ದ ಕಟ್ಟಡ, ಖಾಲಿಯಾದ ಮೇಲೆ ಎಲ್ಲರಿಗೂ ಬೇಕಾಯಿತು. ಕಾಜಾ ಅತ್ತೆಗೆ ಈ ಸಂಗತಿ ತಿಳಿದದ್ದು ಒಂದು ಬೆಳಗ್ಗೆ, ಯಾರದೋ ಶರ್ಟಿನ ತೋಳಿಗೆ ಕಾಜಾ, ಅಂದರೆ ಗುಂಡಿ ತೂರಿಸುವ ಕಂಡಿ, ಹೊಲಿಯುತ್ತಾ ಕೂತಿದ್ದಾಗ. ತಮ್ಮನ ಮಗಳು ಓಡಿ ಬಂದು ಮೊಬೈಲನ್ನು ಅವಳ ಮೂಗಿನ ಕೆಳಗೆ ಹಿಡಿದಳು.

"ಅತ್ತೆ, ನೋಡಿಲ್ಲಿ. ಇವ್ರು ತೆಗ್ದಿರೋ ಫೋಟೋ. ಊರೆಲ್ಲಾ ಇದೇ ಮಾತು."

'ಇವ್ರು' ಅಂದರೆ ಅವಳನ್ನು ಮದುವೆಯಾಗಬೇಕಿದ್ದ ಹುಡುಗ. ಬ್ಯಾಂಕಿನಲ್ಲಿ ಕೆಲಸ, ಭಾನುವಾರ ಕ್ಯಾಮೆರಾ. ಪಾಳುಬಿದ್ದ ಮನೆ, ಮುಚ್ಚಿದ ಗಿರಣಿ, ತುಕ್ಕು ಹಿಡಿದ ಬಸ್ಸು, ಇಂಥವನ್ನೇ ಹುಡುಕಿಕೊಂಡು ಹೋಗುತ್ತಿದ್ದ. ಈ ಸಲ ಅವನಿಗೆ ಸಿಕ್ಕಿದ್ದು ಊರಾಚೆಯ ಹಳೇ ಹುಚ್ಚಾಸ್ಪತ್ರೆ. ಅದು ಮುಚ್ಚಿ ಬಹಳ ವರ್ಷವಾಗಿತ್ತು.

ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು ನೋಡಿದಳು. ಉದ್ದನೆಯ ಹಾಲ್, ಎರಡು ಸಾಲು ಕಬ್ಬಿಣದ ಮಂಚ, ಸುಲಿದುಹೋದ ಗೋಡೆ, ಮೇಲಿಂದ ಬಿದ್ದ ಬಿಸಿಲು.

"ಕಿಟಕಿ ತೆಗ್ದಿದಾರೆ," ಎಂದಳು.

"ತೆಗ್ದಿಲ್ಲ ಅತ್ತೆ, ಗಾಜು ಒಡ್ದೋಗಿದೆ."

"ಹೆಂಗೋ ಒಂದು. ಗಾಳಿ ಬರುತ್ತೆ."

ಫೋಟೋ ನೋಡಿ ಗಾಳಿಯ ಬಗ್ಗೆ ಮಾತಾಡಿದವಳು ಅವಳೊಬ್ಬಳೇ. ಮಿಕ್ಕವರು ಏನೆಂದರೆಂಬುದನ್ನು ಹುಡುಗಿ ಓದಿ ಹೇಳಿದಳು. ಮೈ ಜುಂ ಅಂತು ಎಂದು ಒಬ್ಬ. ಎಂಥಾ ಬೆಳಕು, ಎಂಥಾ ಬಣ್ಣ ಎಂದು ಇನ್ನೊಬ್ಬಳು. ಎಡಗಡೆ ನಾಲ್ಕನೇ ಮಂಚದ ಕೆಳಗೆ ಬಿಳೀ ಹೆಂಗಸು ಕಾಣ್ತಾಳೆ, ದೊಡ್ಡದು ಮಾಡಿ ನೋಡಿ ಎಂದು ಒಬ್ಬ. ಹೌದು ಕಾಣ್ತಾಳೆ, ಕೂದಲು ಬಿಟ್ಕೊಂಡಿದಾಳೆ ಎಂದು ಮತ್ತೆ ನೂರು ಜನ. ರಾತ್ರಿ ಅಲ್ಲಿ ಮಲಗೋ ಧೈರ್ಯ ಯಾರಿಗಿದೆ, ಬಾಜಿ ಕಟ್ಟೋಣ ಎಂದು ಕಾಲೇಜು ಹುಡುಗರು. ಇಷ್ಟು ಒಳ್ಳೇ ಜಾಗ ಸುಮ್ನೆ ಹಾಳಾಗ್ತಿದೆ, ಇದರ ಓನರ್ ಯಾರು ಎಂದು ಒಬ್ಬ ವ್ಯವಹಾರಸ್ಥ.

ಓನರ್ ಯಾರು ಎಂದದ್ದಕ್ಕೆ ಅತ್ತೆ ನಕ್ಕಳು. ಎಂದೂ ಸದ್ದು ಮಾಡಿ ನಗದವಳು ಅಂದು ಮಾಡಿದಳು. ಆಮೇಲೆ ಕೇಳಿದಳು:

"ಇಲ್ಲಿದ್ದೋರೆಲ್ಲಾ ಎಲ್ಲಿಗೆ ಹೋದ್ರು ಅಂತ ಯಾರಾದ್ರೂ ಕೇಳಿದಾರಾ?"

ಹುಡುಗಿ ಬೆರಳಿನಿಂದ ಉಜ್ಜಿ ಉಜ್ಜಿ ಕೊನೆಯವರೆಗೂ ಹೋದಳು. "ಇಲ್ಲ."

"ಸರಿಯಾಗಿ ನೋಡು."

"ನೋಡ್ದೆ ಅತ್ತೆ. ದೆವ್ವದ ಬಗ್ಗೆ ಕೇಳಿದಾರೆ."

ಅತ್ತೆ ಮತ್ತೆ ಸೂಜಿ ತೆಗೆದುಕೊಂಡಳು.

ಅವಳು ಆ ಬೀದಿಯ ನಾಲ್ಕು ದರ್ಜಿಗಳಿಗೆ ಕಾಜಾ-ಗುಂಡಿ ಹಾಕಿಕೊಡುತ್ತಿದ್ದಳು. ಮಷೀನಿನ ಕಾಜಾ ಎರಡು ಒಗೆತಕ್ಕೆ ಬಾಯಿ ಬಿಡುತ್ತದೆ, ಕಾಜಾ ಅತ್ತೆಯದು ಶರ್ಟು ಹರಿದರೂ ಹರಿಯುವುದಿಲ್ಲ ಎಂದು ದರ್ಜಿಗಳೇ ಹೇಳುತ್ತಿದ್ದರು. ಕೂಲಿ ಜಾಸ್ತಿ ಕೊಡಬೇಕಾದಾಗ ಮಾತ್ರ ಈ ಮಾತು ಅವರಿಗೆ ಮರೆತುಹೋಗುತ್ತಿತ್ತು. ತಮ್ಮನ ಮನೆಯ ಹಿಂದಿನ ರೂಮು ಅವಳದು. ಒಂದು ಮಂಚ, ಒಂದು ದೀಪ, ಅಂಗಳಕ್ಕೆ ತೆರೆಯುವ ಒಂದು ಬಾಗಿಲು. ಆ ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ಅವಳು ಅದನ್ನು ಹಾಕುತ್ತಿರಲಿಲ್ಲ. ಹಾಕಬಹುದು ಎಂಬುದೇ ಸಾಕಾಗಿತ್ತು.

ಮದುವೆಯಾದ ಎರಡನೆಯ ವರ್ಷ ಅವಳಿಗೆ ಸತ್ತ ಮಗು ಹುಟ್ಟಿತು. ಆಮೇಲೆ ಅವಳು ಮಾತು ಬಿಟ್ಟಳು. ಹೆಂಗಸು ಜಾಸ್ತಿ ಮಾತಾಡಿದರೆ ಬಾಯಿಬಡಕಿ, ಮಾತೇ ಆಡದಿದ್ದರೆ ಹುಚ್ಚಿ. ಗಂಡನ ಮನೆಯವರು ಎರಡು ವಾರದ ಮಟ್ಟಿಗೆ ಎಂದು ಆ ಗೇಟಿನ ಒಳಗೆ ಬಿಟ್ಟು ಬಂದರು. ಎರಡು ವಾರ ಹನ್ನೊಂದು ವರ್ಷವಾಯಿತು. ಗಂಡ ಈ ನಡುವೆ ಇನ್ನೊಂದು ಮದುವೆಯಾಗಿ, ಮಕ್ಕಳಾಗಿ, ಬೊಜ್ಜು ಬಂದು, ಸುಖವಾಗಿದ್ದ. ಅವನನ್ನು ಯಾರೂ ಯಾವ ಆಸ್ಪತ್ರೆಗೂ ಸೇರಿಸಲಿಲ್ಲ.

ಅವಳು ಒಳಗೆ ಹೋದಾಗ ತಮ್ಮ ಇನ್ನೂ ಓದುತ್ತಿದ್ದ. ಕೆಲಸ ಸಿಕ್ಕಿ, ಮದುವೆಯಾಗಿ, ಮನೆ ಮಾಡಿದ ಮೇಲೆ ಹೋಗಿ ಕರೆದುಕೊಂಡು ಬಂದ. ಬಂದವಳನ್ನು ನೋಡಿ ಅಕ್ಕಪಕ್ಕದವರು ಕೇಳದೆ ಇರುತ್ತಾರೆಯೇ? "ಇಷ್ಟು ವರ್ಷ ಎಲ್ಲಿದ್ರು ನಿಮ್ಮಕ್ಕ?" ತಮ್ಮನ ಬಾಯಿಗೆ ಆ ಕ್ಷಣಕ್ಕೆ ಬಂದದ್ದು 'ಹಾಸ್ಟೆಲ್ಲು'. ಸುಳ್ಳಿಗೆ ಕಾಲಿಲ್ಲ ಎನ್ನುವವರು ಈ ಮನೆಗೆ ಬಂದು ನೋಡಬೇಕಿತ್ತು. ಆ ಒಂದು ಸುಳ್ಳು ಬೆಳೆಯಿತು, ನಡೆಯಿತು, ಬಡ್ತಿ ಪಡೆಯಿತು. ಮೊದಲು ಹಾಸ್ಟೆಲ್ಲಿನಲ್ಲಿ ಹೊಲಿಗೆ ಕಲಿಯುತ್ತಿದ್ದಳು ಎಂದಾಯಿತು. ಆಮೇಲೆ ಕಲಿಸುತ್ತಿದ್ದಳು ಎಂದಾಯಿತು. ಮಗಳಿಗೆ ಗಂಡು ನೋಡಲು ಶುರುಮಾಡಿದ ಮೇಲೆ ಅತ್ತೆ ಹಾಸ್ಟೆಲ್ಲಿನ ವಾರ್ಡನ್ನೇ ಆಗಿಬಿಟ್ಟಳು. ಹುಡುಗಿ ಹುಟ್ಟಿದಾಗಿನಿಂದ ಇದನ್ನೇ ಕೇಳಿದ್ದಳು, ಇದನ್ನೇ ನಂಬಿದ್ದಳು.

ಅತ್ತೆಗೆ ಇದರಿಂದ ತೊಂದರೆಯಿರಲಿಲ್ಲ. ಒಂದೇ ಒಂದು ವಿಷಯದಲ್ಲಿ ಮಾತ್ರ ಇತ್ತು. ಹಾಸ್ಟೆಲ್ಲಿನಲ್ಲಿ ಇದ್ದವಳಿಗೆ ಆಸ್ಪತ್ರೆಯಲ್ಲಿ ಯಾರೂ ಪರಿಚಯವಿರುವ ಹಾಗಿಲ್ಲ. ಅವಳಿಗೆ ಇದ್ದರು. ಓನರಮ್ಮ ಇದ್ದಳು.

ಓನರಮ್ಮ ಪಕ್ಕದ ಮಂಚದವಳು. ಈ ಕಟ್ಟಡ ನನ್ನದು, ನೀವೆಲ್ಲಾ ನನ್ನ ಬಾಡಿಗೆದಾರರು ಎಂದು ಅವಳು ನಂಬಿದ್ದಳು. ಬೆಳಗ್ಗೆ ಎದ್ದು ಬಾಗಿಲು, ಗೋಡೆ, ನಲ್ಲಿ ಎಲ್ಲಾ ಮುಟ್ಟಿ ನೋಡಿ ಬರುತ್ತಿದ್ದಳು. ಡಾಕ್ಟರು ಬಂದರೆ, "ನಿಮ್ ರೂಮಿನ ನಲ್ಲಿ ಸೋರ್ತಿದೆಯಂತೆ, ಒಂದ್ ಮಾತು ಹೇಳ್ಬಾರ್ದಾ? ರಿಪೇರಿ ಮಾಡಿಸ್ತಿದ್ದೆ," ಎಂದು ಗದರುತ್ತಿದ್ದಳು. ಇದೇ ಅವಳ ಕಾಯಿಲೆ ಎಂದು ಬರೆದಿದ್ದರು. ಹೊರಗೆ ಇದೇ ಕಾಯಿಲೆ ಇರುವವರನ್ನು ಊರಿನ ಗಣ್ಯರು ಎನ್ನುತ್ತಾರೆ.

ಅಲ್ಲಿನ ಹೆಂಗಸರ ಅಂಗಿಗೆ ಗುಂಡಿಯಿರಲಿಲ್ಲ, ನುಂಗಿಬಿಡುತ್ತಾರೆ ಎಂಬ ಭಯ. ಬೆನ್ನ ಮೇಲೆ ಮೂರು ಜೊತೆ ಲಾಡಿ. ಬೆನ್ನಿಗೆ ಕೈ ಎಟುಕದು, ಹಾಗಾಗಿ ಬೆಳಗ್ಗೆ ಎಲ್ಲರೂ ಸಾಲಾಗಿ ನಿಂತು ಮುಂದಿನವಳ ಲಾಡಿ ಕಟ್ಟಬೇಕು. ಸಾಲಿನ ಕೊನೆಯವಳಿಗೆ ಕಟ್ಟುವವರಿಲ್ಲ; ಅವಳು ದಿನವಿಡೀ ಬೆನ್ನು ಬಿಟ್ಟುಕೊಂಡೇ ಓಡಾಡಬೇಕು. ಬಂದ ಹೊಸದರಲ್ಲಿ, ಮಾತಿಲ್ಲದ ಅವಳನ್ನು ಎಲ್ಲರೂ ಹಿಂದಕ್ಕೆ ತಳ್ಳುತ್ತಿದ್ದರು. ಓನರಮ್ಮ ಒಂದು ದಿನ ಸಾಲು ಬಿಟ್ಟು ಬಂದು ಅವಳ ಹಿಂದೆ ನಿಂತಳು. "ನನ್ ಮನೇಲಿ ಯಾರೂ ಬೆನ್ನು ಬಿಟ್ಕೊಂಡ್ ತಿರುಗೋ ಹಾಗಿಲ್ಲ," ಎಂದು ಮೂರೂ ಲಾಡಿ ಕಟ್ಟಿದಳು. ಅಂದಿನಿಂದ ಕೊನೆಯವಳು ಓನರಮ್ಮನೇ. ಅವಳ ಬೆನ್ನು ಬಿಟ್ಟೇ ಇರುತ್ತಿತ್ತು. ಅದು ತನಗೆ ಗೊತ್ತೇ ಇಲ್ಲವೆಂಬಂತೆ ನಡೆಯುತ್ತಿದ್ದಳು.

ತಮ್ಮ ಕರೆದೊಯ್ಯಲು ಬಂದ ದಿನ ಓನರಮ್ಮ ಸ್ನಾನದ ಸಾಲಿನಲ್ಲಿದ್ದಳು. ಗಾಡಿ ಕಾಯುತ್ತಿತ್ತು. ಹೇಳಿ ಬರಲು ಆಗಲಿಲ್ಲ. ಮುಂದೆ ಆಸ್ಪತ್ರೆ ಮುಚ್ಚಿದ ಸುದ್ದಿ ಗುಂಡಿ ಕಟ್ಟಿಕೊಂಡು ಬಂದ ಪೇಪರಿನ ಚೂರಿನಲ್ಲಿ ಸಿಕ್ಕಿತು. "ಒಳಗಿದ್ದೋರು ಎಲ್ಲಿಗೆ ಹೋದ್ರೋ?" ಎಂದು ತಮ್ಮನನ್ನು ಕೇಳಿದ್ದಳು. "ಸರ್ಕಾರ ನೋಡ್ಕೊಂಡಿರುತ್ತೆ ಬಿಡಕ್ಕ," ಎಂದಿದ್ದ ಅವನು. ಸರ್ಕಾರ ನೋಡಿಕೊಂಡಿರುತ್ತದೆ ಎಂಬುದು, ತಾನು ನೋಡುವುದಿಲ್ಲ ಎನ್ನುವುದಕ್ಕೆ ನಾಗರಿಕರು ಬಳಸುವ ಮಾತು.

ಫೋಟೋಗಳು ಎಷ್ಟು ಹೆಸರು ಮಾಡಿದವೆಂದರೆ ಹುಡುಗ ಅವನ್ನು ದೊಡ್ಡದು ಮಾಡಿಸಿ, ಪುರಸಭೆಯ ಹಾಲ್‌ನಲ್ಲಿ ಪ್ರದರ್ಶನಕ್ಕಿಟ್ಟ. ಬೀಗರಾಗಲಿರುವವರು ಮನೆಮಂದಿ ಸಮೇತ ಬರಬೇಕೆಂದು ಅವನ ತಾಯಿಯೇ ಫೋನ್ ಮಾಡಿದರು. "ವಾರ್ಡನ್ ಅಮ್ಮನ್ನೂ ಕರ್ಕೊಂಡ್ ಬನ್ನಿ," ಎಂದು ವಿಶೇಷವಾಗಿ ಹೇಳಿದರು.

ಅಂದು ಸಂಜೆ ತಮ್ಮ ಮತ್ತು ತಮ್ಮನ ಹೆಂಡತಿ ಹಿಂದಿನ ರೂಮಿಗೆ ಬಂದು, ಕೂರಲು ಜಾಗವಿದ್ದರೂ ನಿಂತೇ ಇದ್ದರು.

"ಅತ್ತಿಗೆ, ನೀವು ತಲೆನೋವು ಅಂತ ಉಳ್ಕೊಂಡ್ಬಿಡಿ," ಎಂದಳು ತಮ್ಮನ ಹೆಂಡತಿ.

"ನಂಗೆ ತಲೆನೋವಿಲ್ವಲ್ಲಮ್ಮ."

"ಗೊತ್ತು. ಅಂತ ಹೇಳಿ ಅಂದೆ."

"ನಾನು ಬರ್ತೀನಿ. ನೋಡ್ಬೇಕು."

ತಮ್ಮ ಗಂಟಲು ಸರಿಮಾಡಿಕೊಂಡ. "ಬಾರಕ್ಕ. ಆದ್ರೆ ಅಲ್ಲಿ ಏನು ನೋಡಿದ್ರೂ ಒಂದ್ ಮಾತು ಆಡ್ಬೇಡ. ಮುಚ್ಚಿದ ಬಾಯಿಗೆ ನೊಣ ಹೋಗಲ್ಲ. ಇದೊಂದು ಸಂಬಂಧ ಕೂಡಿಬಂದಿದೆ. ಅವ್ರಿಗೆ ಗೊತ್ತಾದ್ರೆ, ವಂಶದಲ್ಲಿ ಇದೆ ಅಂತಾರೆ. ಮಗು ಬಾಳು ಹಾಳಾಗುತ್ತೆ."

"ನಾನ್ ಒಂದೇ ಒಂದು ಕೇಳ್ಬೇಕು ಆ ಹುಡುಗನ್ನ. ಅವ್ನು ಒಳಗಡೆ ಹೋಗ್ ಬಂದಿದಾನೆ."

"ಏನು?"

"ಓನರಮ್ಮ ಎಲ್ಲಿದಾಳೆ ಅಂತ."

"ಅಯ್ಯೋ ಅತ್ತಿಗೆ!" ಎಂದಳು ತಮ್ಮನ ಹೆಂಡತಿ. ಅವಳು ಕೆಟ್ಟವಳಲ್ಲ. ಜ್ವರ ಬಂದಾಗ ಗಂಜಿ ಮಾಡಿಕೊಟ್ಟವಳು, ಹಿಂದಿನ ರೂಮಿಗೆ ಒಳಚಿಲಕ ಹಾಕಿಸಿದ್ದೂ ಅವಳೇ. ಆದರೆ ಮಗಳ ಮದುವೆ ಎಂದರೆ ಎಂಥ ಒಳ್ಳೆಯವರೂ ಪೊಲೀಸರಾಗುತ್ತಾರೆ. "ಮದುವೆ ಮುಗೀಲಿ, ನಾನೇ ಕೇಳಿಸ್ತೀನಿ. ಆಣೆಗೂ."

ಅಲ್ಲಿಂದ ಮುಂದೆ ಪಾಠ. ವಾರ್ಡನ್ ಎಂದರೆ ಏನು ಮಾಡುತ್ತಾರೆ, ಹಾಸ್ಟೆಲ್ ಯಾಕೆ ಮುಚ್ಚಿತು, ಫೋಟೋ ನೋಡಿ ಏನನ್ನಬೇಕು, ಎಲ್ಲವನ್ನೂ ತಮ್ಮ ಹೇಳಿಕೊಟ್ಟು ಒಪ್ಪಿಸಿಕೊಂಡ. "ಯಾವ ಫೋಟೋ ತೋರ್ಸಿದ್ರೂ 'ಚೆನ್ನಾಗಿದೆ' ಅನ್ನು. ಇನ್ನೇನೂ ಬೇಡ." ಅತ್ತೆ ಒಪ್ಪಿಸಿದಳು. ಹನ್ನೊಂದು ವರ್ಷ ಡಾಕ್ಟರಿಗೆ ಬೇಕಾದ ಉತ್ತರ ಕೊಟ್ಟವಳಿಗೆ ಇದೇನು ಕಷ್ಟ?

ಪ್ರದರ್ಶನದಲ್ಲಿ ಜನವೋ ಜನ. ಗೋಡೆಗೆ ಕಪ್ಪು ಬಟ್ಟೆ ಬಿಟ್ಟು, ಒಂದೊಂದು ಫೋಟೋಕ್ಕೂ ಒಂದೊಂದು ಪುಟ್ಟ ದೀಪ. ಹುಡುಗ ಒಳ್ಳೆಯ ಇಸ್ತ್ರಿಯ ಶರ್ಟು ಹಾಕಿಕೊಂಡು ಎಲ್ಲರನ್ನೂ ಸುತ್ತು ಹಾಕಿಸುತ್ತಿದ್ದ. ಅವನ ತಾಯಿ ಅತ್ತೆಯ ಕೈ ಹಿಡಿದುಕೊಂಡೇ ನಡೆದರು.

"ನೋಡಿ ವಾರ್ಡನ್ನಮ್ಮ, ಹೆಂಗಿದೆ?"

"ಚೆನ್ನಾಗಿದೆ."

"ಇದು ಹುಚ್ಚರ ತಲೆಗೆ ಕರೆಂಟ್ ಕೊಡೋ ರೂಮಂತೆ. ಭಯ ಆಗಲ್ವಾ?"

"ಚೆನ್ನಾಗಿದೆ."

ತಮ್ಮನ ಹೆಂಡತಿ ಉಸಿರು ಬಿಟ್ಟಳು. ಕರೆಂಟ್ ಕೊಡುವ ರೂಮಿನ ಮುಂದೆ ಅತ್ತೆ ಮಿಕ್ಕವರಿಗಿಂತ ಕಡಿಮೆ ಹೊತ್ತು ನಿಂತಳು. ಹೆಂಗಸರ ವಾರ್ಡಿನ ಮುಂದೆ ಜಾಸ್ತಿ ಹೊತ್ತು ನಿಂತಳು. ಮಂಚಗಳಿದ್ದವು. ಅವಳದು, ಅದರ ಪಕ್ಕದ್ದು. ಪಕ್ಕದ್ದರ ಮೇಲೆ ಯಾರೋ ಒಂದು ಕಣ್ಣಿಲ್ಲದ ಗೊಂಬೆ ಇಟ್ಟಿದ್ದರು. ಅಲ್ಲಿ ಯಾರ ಹತ್ತಿರವೂ ಗೊಂಬೆ ಇರಲಿಲ್ಲ. ಅದರ ಮುಂದೆ ನಿಂತು ಒಬ್ಬ ಯುವತಿ, "ಪಾಪ, ಯಾರ್ದೋ ಏನೋ," ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಅತ್ತೆ ಆ ಗೊಂಬೆಗೂ ಚೆನ್ನಾಗಿದೆ ಎಂದಳು.

ಮುಂದಿನದು ಕತ್ತಲೆ ಓಣಿಯಲ್ಲಿ ಒಂದು ಮರದ ಬೆಂಚು. ಮುರಿದ ತೋಳು, ಮೇಲೆ ಒಂದು ಗೆರೆ ಬೆಳಕು. ಕೆಳಗೆ 'ಕಾಯುವಿಕೆ' ಎಂದು ಹೆಸರು ಬರೆದಿತ್ತು. ಜನ ಮೆಚ್ಚಿ ತಲೆಯಾಡಿಸುತ್ತಿದ್ದರು. ಅಲ್ಲಿಯವರೆಗೂ ಅಕ್ಕನ ಬಾಯಿಯನ್ನೇ ಕಾಯುತ್ತಾ ಬಂದ ತಮ್ಮ ಅದನ್ನು ನೋಡಿದ, ಹತ್ತಿರ ಹೋದ, ಹುಬ್ಬು ಗಂಟು ಹಾಕಿದ.

"ಇದ್ಯಾಕೆ ಒಳಗೆ ತಂದ್ರು? ಇದು ಗೇಟ್ ಹತ್ರ, ಮರದ ಕೆಳಗಲ್ವಾ ಇದ್ದಿದ್ದು?"

ಬೇಲಿಯೇ ಎದ್ದು ಹೊಲ ಮೇಯಿತು.

ಹುಡುಗನಿಗೆ ಖುಷಿಯಾಯಿತು. "ಕರೆಕ್ಟ್ ಮಾವ! ನಾನೇ ಎಳ್ಕೊಂಡ್ ಬಂದೆ, ಒಳಗೆ ಬೆಳಕು ಚೆನ್ನಾಗಿತ್ತು. ನಿಮಗ್ಹೆಂಗ್ ಗೊತ್ತು?"

ತಮ್ಮನ ಬಾಯಿ ತೆರೆದೇ ಇತ್ತು. ಹುಡುಗನ ತಾಯಿ ಅವನನ್ನೇ ನೋಡಿದರು.

"ಅವ್ರಿಗೆ ಎಲ್ಲಾ ಬೆಂಚೂ ಒಂದೇ ಥರ ಕಾಣುತ್ತೆ," ಎಂದು ತಮ್ಮನ ಹೆಂಡತಿ ನಗಲು ನೋಡಿದಳು. "ಯಾವ್ದೋ ಪಾರ್ಕ್‌ದು ಅಂದ್ಕೊಂಡಿರ್ಬೇಕು. ಅಲ್ವೇನ್ರಿ?"

ಅಲ್ಲಿಗೆ ಮುಗಿಸಬಹುದಿತ್ತು. ಹುಡುಗನ ತಾಯಿಗೂ ಜಗಳ ಬೇಕಿರಲಿಲ್ಲ. ಪಾರ್ಕು ಎಂದಿದ್ದರೆ ಪಾರ್ಕಿಗೇ ಒಪ್ಪಿ ಮುಂದಿನ ಫೋಟೋಕ್ಕೆ ಹೋಗುತ್ತಿದ್ದರು. ಅತ್ತೆ ತಮ್ಮನ ಮುಖ ನೋಡಿದಳು. ಪ್ರತಿ ತಿಂಗಳೂ ಆ ಬೆಂಚಿನ ಮೇಲೆ ಕೂತು, ಒಳಗೆ ಬರಲು ಕಾಲು ಬಾರದೆ, ಬಿಸ್ಕತ್ತಿನ ಪೊಟ್ಟಣ ವಾಚ್‌ಮನ್ ಕೈಯಲ್ಲಿ ಕಳಿಸಿ ಹೋಗುತ್ತಿದ್ದ ಹುಡುಗ ಅವನು. ಈ ವಿಷಯ ಅವಳಿಗೆ ಗೊತ್ತಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ವಾರ್ಡಿನ ಮುಚ್ಚಿದ ಕಿಟಕಿಯ ಗಾಜಿನಿಂದ ಆ ಬೆಂಚು ಕಾಣುತ್ತಿತ್ತು.

ಈಗ ಸುಮ್ಮನಿದ್ದರೆ ತಮ್ಮ ಉಳಿಯುತ್ತಾನೆ, ಹುಡುಗಿಯ ಮದುವೆ ಉಳಿಯುತ್ತದೆ, ಹಿಂದಿನ ರೂಮು ಉಳಿಯುತ್ತದೆ. ಓನರಮ್ಮ ಎಲ್ಲಿದ್ದಾಳೋ ಅಲ್ಲೇ ಉಳಿಯುತ್ತಾಳೆ.

"ಪಾರ್ಕ್‌ದಲ್ಲ," ಎಂದಳು ಅತ್ತೆ. "ನನ್ ನೋಡೋಕೆ ಬಂದಾಗ ಅದ್ರ ಮೇಲೆ ಕೂರ್ತಿದ್ದ. ನಾನು ಒಳಗಿದ್ದೆ. ಅಲ್ಲಿ, ಗೊಂಬೆ ಇಟ್ಟಿದೀಯಲ್ಲ, ಅದ್ರ ಪಕ್ಕದ ಮಂಚ." ಆಮೇಲೆ ಹುಡುಗನ ಕಡೆ ತಿರುಗಿದಳು. "ನೀನು ಒಳಗೆಲ್ಲಾ ಓಡಾಡಿದೀಯ. ಅಲ್ಲಿದ್ದೋರು ಎಲ್ಲಿಗೆ ಹೋದ್ರಪ್ಪಾ?"

ಹುಡುಗ ಆಚೀಚೆ ನೋಡಿದ. ಇಷ್ಟು ದಿನದಲ್ಲಿ ಅವನನ್ನು ಲೆನ್ಸ್ ಯಾವುದೆಂದು ಕೇಳಿದ್ದರು, ದೆವ್ವ ನೋಡಿದೆಯಾ ಎಂದು ಕೇಳಿದ್ದರು.

"ಗೊತ್ತಿಲ್ಲ ಅತ್ತೆ," ಎಂದ.

"ಯಾರನ್ನೂ ಕೇಳ್ಲಿಲ್ವಾ?"

"ಇಲ್ಲ."

ಹುಡುಗನ ತಾಯಿ ಅತ್ತೆಯ ಕೈ ಬಿಟ್ಟರು. ಜೋರಾಗಿ ಏನೂ ಹೇಳಲಿಲ್ಲ. "ಮೊದಲೇ ಒಂದ್ ಮಾತು ಹೇಳ್ಬೇಕಿತ್ತು ನೀವು," ಎಂದು ತಮ್ಮನಿಗೆ ಹೇಳಿ, ಪರ್ಸನ್ನು ಕಂಕುಳಲ್ಲಿ ಒತ್ತಿಕೊಂಡು ಹೊರಟುಹೋದರು. ಸುತ್ತ ಇದ್ದವರು ಈಗ ಬೆಂಚಿನ ಫೋಟೋ ಬಿಟ್ಟು ಅತ್ತೆಯನ್ನು ನೋಡತೊಡಗಿದರು. ಇಬ್ಬರು ಮೊಬೈಲು ಎತ್ತಿದರು. ತಮ್ಮನ ಮಗಳು ಅವರಿಬ್ಬರಿಗೂ ಅಡ್ಡ ಬಂದು ನಿಂತಳು.

ಮನೆಗೆ ಬರುವ ಬಸ್ಸಿನಲ್ಲಿ ಹುಡುಗಿ ಒಂದೇ ಮಾತು ಕೇಳಿದಳು. "ಹಾಸ್ಟೆಲ್ ಇರ್ಲೇ ಇಲ್ವಾ?"

"ಊಟ ಹಾಗೇ ಇತ್ತು," ಎಂದಳು ಅತ್ತೆ.

ಹುಡುಗಿ ನಕ್ಕಳೋ ಅತ್ತಳೋ, ಮುಂದಿನ ಸೀಟಿನಲ್ಲಿದ್ದ ಅಪ್ಪ-ಅಮ್ಮನಿಗೆ ತಿಳಿಯಲಿಲ್ಲ. ತಿರುಗಿ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಮುಂದೆ ಕೆಲವು ದಿನ ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಬೀಗರ ಕಡೆಯಿಂದ ಫೋನಿಲ್ಲ. ತಮ್ಮನ ಹೆಂಡತಿ ಊಟದ ತಟ್ಟೆಯನ್ನು ಹಿಂದಿನ ರೂಮಿನ ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದಳು. ಮೊದಲು ಒಳಗೆ ತಂದಿಡುತ್ತಿದ್ದಳು. ಅತ್ತೆ ತಟ್ಟೆ ತೆಗೆದುಕೊಂಡು, ತಿಂದು, ತೊಳೆದಿಟ್ಟು, ಕಾಜಾ ಹೊಲಿದಳು.

ಹುಡುಗ ಬಂದದ್ದು ಒಂದು ಭಾನುವಾರ, ಕ್ಯಾಮೆರಾ ಇಲ್ಲದೆ. ಅದಕ್ಕೆ ಮುಂಚೆ ತಮ್ಮನ ಮಗಳು ಫೋನಿನಲ್ಲಿ ಅವನಿಗೆ ಏನೇನು ಹೇಳಿದ್ದಳೋ, ಅವನ ಕಿವಿ ಇನ್ನೂ ಕೆಂಪಗಿತ್ತು. ಹಿಂದಿನ ರೂಮಿನ ಬಾಗಿಲಲ್ಲಿ ನಿಂತು ಹೇಳಿದ:

"ಅತ್ತೆ, ವಾಚ್‌ಮನ್ನ ಕೇಳ್ದೆ. ನಾನು ಒಳಗೆ ಬಿಡು ಅಂತ ದುಡ್ಡು ಕೊಟ್ಟಿದ್ನಲ್ಲ, ಅವ್ನನ್ನೇ. ಹೆಂಗಸರನ್ನ ವ್ಯಾನಲ್ಲಿ ತುಂಬ್ಕೊಂಡು ಬಸ್ ಡಿಪೋ ಹಿಂದಿನ ಆಶ್ರಮಕ್ಕೆ ಹಾಕಿದಾರಂತೆ."

"ಯಾವ ಡಿಪೋ?"

"ನಮ್ಮೂರ್ದೇ."

ದಿನಾ ಗುಂಡಿ ತರಲು ಅವಳು ಹಾದುಹೋಗುತ್ತಿದ್ದ ಡಿಪೋ ಅದು.

"ಅವ್ನಿಗೆ ಗೊತ್ತಿದ್ದೂ ಮೊದ್ಲೇ ಯಾಕೆ ಹೇಳ್ಲಿಲ್ವಂತೆ?"

"ಯಾರೂ ಕೇಳ್ಲಿಲ್ಲ, ಅದಕ್ಕೆ ಹೇಳ್ಲಿಲ್ಲ ಅಂದ."

ಹುಡುಗನ ಮನೆಯಲ್ಲಿ ಮದುವೆಯ ಮಾತು ಮುಂದಕ್ಕೆ ಹೋಗಿತ್ತು, ಮುರಿದಿರಲಿಲ್ಲ. ತಾಯಿ ಯೋಚಿಸುತ್ತಿದ್ದರಂತೆ. "ಯೋಚ್ನೆ ಮಾಡ್ಲಿ," ಎಂದಳು ತಮ್ಮನ ಮಗಳು. "ನಾನೂ ಮಾಡ್ತಿದೀನಿ." ಅಂದು ಮಧ್ಯಾಹ್ನ ಅತ್ತೆಯ ಜೊತೆ ಹೊರಟವರು ಹುಡುಗಿ, ಹುಡುಗ ಇಬ್ಬರೇ. ಗೇಟು ದಾಟುವಾಗ ಹಿಂದಿನಿಂದ ಚಪ್ಪಲಿ ಸದ್ದಾಯಿತು. ತಮ್ಮ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಬರುತ್ತಿದ್ದ.

ಆಶ್ರಮದ ಹಾಲ್ ಉದ್ದಕ್ಕಿತ್ತು, ಎರಡು ಸಾಲು ಮಂಚ. ಇಲ್ಲಿ ಗೋಡೆ ಸುಲಿದಿರಲಿಲ್ಲ, ಬಿಸಿಲು ಸೊಗಸಾಗಿ ಬೀಳುತ್ತಿರಲಿಲ್ಲ, ಮಂಚಗಳ ಮೇಲೆ ಜನ ಇದ್ದರು. ಹಾಗಾಗಿ ಫೋಟೋ ತೆಗೆಯಲು ಯಾರೂ ಬಂದಿರಲಿಲ್ಲ. ಹುಡುಗ ಬಾಗಿಲಲ್ಲೇ ನಿಂತ. ಅವನಿಗೆ ಈಗ ಮೈ ಜುಂ ಎಂದಿತೋ ಇಲ್ಲವೋ ಹೇಳುವುದು ಕಷ್ಟ. ತಮ್ಮ ಮಾತ್ರ ಅಕ್ಕನ ಹಿಂದೆಯೇ, ಎರಡು ಹೆಜ್ಜೆ ಬಿಟ್ಟು, ಒಳಗೆ ಬಂದ.

ಅತ್ತೆ ಒಂದೊಂದೇ ಮುಖ ನೋಡುತ್ತಾ ಹೋದಳು. ಕೆಲವರು ನೋಡಿದರು, ಕೆಲವರು ನೋಡಲಿಲ್ಲ. ಗೋಡೆಯ ಕೊನೆಯ ಮಂಚದಲ್ಲಿ, ಕೂದಲು ಮೋಟಾಗಿ ಕತ್ತರಿಸಿದ್ದ ಒಬ್ಬ ಮುದುಕಿ ಕಾಲು ಚಾಚಿ ಕೂತಿದ್ದಳು. ಮುಖ ಕುಗ್ಗಿತ್ತು, ಹಲ್ಲು ಹೋಗಿದ್ದವು. ಕಣ್ಣು ಮಾತ್ರ, ಎದುರಿಗಿದ್ದವರನ್ನು ಮೇಲಿಂದ ಕೆಳಗೆ ಅಳೆದು ನೋಡುವ ಕಣ್ಣು, ಅದೇ. ಆ ಕಣ್ಣು ಅತ್ತೆಯನ್ನೂ ಅಳೆಯಿತು. ಬಹಳ ಹೊತ್ತು ಅಳೆಯಿತು.

"ಕರ್ಕೊಂಡ್ ಹೋಗೋಕೆ ಬಂದ್ಯಾ?" ಎಂದಳು ಓನರಮ್ಮ.

ಅತ್ತೆ ಹಿಂದೆ ತಿರುಗಿ ತಮ್ಮನನ್ನು ನೋಡಲಿಲ್ಲ. ಅವನದೂ ಬಾಡಿಗೆ ಮನೆ. ಅವಳಿದ್ದದ್ದೂ ಅದರ ಹಿಂದಿನ ಒಂದು ರೂಮು, ಅದರೊಳಗೂ ಈ ವಾರ ಊಟದ ತಟ್ಟೆ ಹೊಸ್ತಿಲು ದಾಟಿರಲಿಲ್ಲ. ಹೌದು ಎನ್ನಬಹುದಿತ್ತು. ಆ ಕುಟುಂಬದಲ್ಲಿ ಅಂಥ ಸುಳ್ಳಿಗೆ ಬೇಕಾದಷ್ಟು ಅಭ್ಯಾಸವಿತ್ತು.

"ಇಲ್ಲ," ಎಂದಳು. "ನೋಡೋಕ್ ಬಂದೆ. ಮತ್ತೆ ಭಾನುವಾರ ಬರ್ತೀನಿ."

ಓನರಮ್ಮ ಅದನ್ನು ಕೇಳಿಸಿಕೊಂಡಳು. ಮುಖದಲ್ಲಿ ಬೇಸರವೂ ಕಾಣಲಿಲ್ಲ, ಸಂತೋಷವೂ ಕಾಣಲಿಲ್ಲ. ಚಾಚಿದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಒಂದಾದ ಮೇಲೊಂದು, ಪಕ್ಕಕ್ಕೆ ಎತ್ತಿಟ್ಟುಕೊಂಡಳು.

"ಹಂಗಾದ್ರೆ ಕೂತ್ಕೋ," ಎಂದಳು. "ನಿಂತ್ಕೊಂಡು ಮಾತಾಡ್ಸೋರು ಡಾಕ್ಟ್ರು."